ಅರ್ಜಿಯಿಂದ ಜಾಡಿಯವರೆಗೆ: ಘಟ್ಟದ ಹೊಳೆಗಳಲ್ಲಿ ಮೀನು ಸಮೀಕ್ಷೆಗೆ ಹೊರಟವರಿಗೆ

ಕಾವೇರಿಯ ಮೇಲ್ಭಾಗದ ಹೊಳೆಗಳಲ್ಲಿ ಕೈಗೊಂಡಿದ್ದ ಮೀನು ಸಮೀಕ್ಷೆ ಈಗಷ್ಟೇ ಮುಗಿದಿದೆ. ಮೀನಿನ ಮಾದರಿ ಇಟ್ಟ ಕೊನೆಯ ಜಾಡಿಗೂ ಸಂಗ್ರಹಾಲಯದ ನೋಂದಣಿ ಸಂಖ್ಯೆ ಬಂದಿದೆ, ಅರಣ್ಯ ಇಲಾಖೆಗೆ ವರದಿ ಹೋಗಿದೆ. ಈ ಕೆಲಸಕ್ಕೆ ಹೊಸದಾಗಿ ಬರುವವರು ಹೆಚ್ಚಾಗಿ ಕೇಳುವುದು ಬಲೆಯ ಬಗ್ಗೆ, ಮೀನು ಗುರುತಿಸುವ ಬಗ್ಗೆ. ಆದರೆ ದಿನ ಹೋಗುವುದು, ದುಡ್ಡು ಕರಗುವುದು, ಮನಸ್ಸು ಕುಗ್ಗುವುದು ಬೇರೆ ಕಡೆಗಳಲ್ಲಿ. ಅದಕ್ಕೇ ನಡೆದ ಕ್ರಮದಲ್ಲೇ ಎಲ್ಲವನ್ನೂ ಬರೆಯುತ್ತಿದ್ದೇನೆ.

ಈ ಕೆಲಸಕ್ಕೆ ಬರಲು ನಮ್ಮಲ್ಲಿ ಮುಖ್ಯವಾಗಿ ಎರಡು ದಾರಿ. ಒಂದು, ಸಿಇಟಿ ಮೂಲಕ ನಾಲ್ಕು ವರ್ಷದ ಬಿಎಫ್‌ಎಸ್‌ಸಿ, ಎಂದರೆ ಮೀನುಗಾರಿಕಾ ವಿಜ್ಞಾನದ ಪದವಿ. 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕಾ ಕಾಲೇಜು ಇದಕ್ಕೆ ಹೆಸರುವಾಸಿ. ಇನ್ನೊಂದು, ಪ್ರಾಣಿಶಾಸ್ತ್ರದಲ್ಲಿ ಎಂಎಸ್‌ಸಿ. ಮೊದಲನೆಯ ದಾರಿಯವರಿಗೆ ಬಲೆ, ನೀರು, ಮರಿ ಉತ್ಪಾದನೆ ಚೆನ್ನಾಗಿ ಗೊತ್ತಿರುತ್ತದೆ. ಎರಡನೆಯವರಿಗೆ ವರ್ಗೀಕರಣದಲ್ಲಿ ಕೈ ಪಳಗಿರುತ್ತದೆ. ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಹೊಳೆಗೆ ಇಳಿಯುವ ಮೊದಲೇ ಕಲಿತುಕೊಳ್ಳಬೇಕು. ಎನ್‌ಇಟಿ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಪಾಸಾಗಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕರೆ 2023ರ ಜನವರಿಯಿಂದ ಜಾರಿಯಾದ ದರದಂತೆ ತಿಂಗಳಿಗೆ ₹37,000, ಎಸ್‌ಆರ್‌ಎಫ್ (ಹಿರಿಯ ಫೆಲೋಶಿಪ್) ಆದ ಮೇಲೆ ₹42,000, ಜೊತೆಗೆ ಮನೆ ಬಾಡಿಗೆ ಭತ್ಯೆ. ಮೊತ್ತ ಸಾಲುತ್ತದೆ, ಆದರೆ ಅದು ತಿಂಗಳು ತಿಂಗಳು ಸರಿಯಾಗಿ ಕೈಸೇರುತ್ತದೆಂದು ನಂಬಿ ಜೀಪು ಗೊತ್ತುಮಾಡಬೇಡಿ. ಕ್ಷೇತ್ರಕಾರ್ಯದ ಖರ್ಚನ್ನು ಮೊದಲು ಕೈಯಿಂದ ಹಾಕಿ ಆಮೇಲೆ ಬಿಲ್ ಕೊಟ್ಟು ಪಡೆಯಬೇಕಾಗುತ್ತದೆ. ಅತಿ ದೊಡ್ಡ ಖರ್ಚು ಬಲೆಯೂ ಅಲ್ಲ, ಉಪಕರಣವೂ ಅಲ್ಲ, ವಾಹನ. ತೆಪ್ಪದವರು, ಜೀಪಿನವರು ಜಿಎಸ್‌ಟಿ ಬಿಲ್ ಕೊಡುವುದಿಲ್ಲ. ಹಾಗಾಗಿ ಕೈರಸೀದಿ ಪುಸ್ತಕ ಚೀಲದಲ್ಲೇ ಇರಲಿ, ₹5,000 ಮೀರಿದ ರಸೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಿ ಅದರ ಮೇಲೆಯೇ ಸಹಿ ಹಾಕಿಸಿಕೊಳ್ಳಿ. ಸ್ಟಾಂಪ್ ಇಲ್ಲವೆಂಬ ಒಂದೇ ಕಾರಣಕ್ಕೆ ಲೆಕ್ಕಪತ್ರ ವಿಭಾಗ ಬಿಲ್ ವಾಪಸ್ ಕಳಿಸುತ್ತದೆ. ಅಷ್ಟರಲ್ಲಿ ತೆಪ್ಪದವರು ಎಲ್ಲಿದ್ದಾರೆಂದು ಹುಡುಕಿಕೊಂಡು ಹೋಗುವುದು ಸುಲಭವಲ್ಲ.

ಇನ್ನು ಅನುಮತಿ. ಮೊದಲು ನಕ್ಷೆ ತೆಗೆದು ನೀವು ಬಲೆ ಹಾಕುವ ಪ್ರತಿಯೊಂದು ಜಾಗ ಯಾರ ವ್ಯಾಪ್ತಿಗೆ ಬರುತ್ತದೆ ನೋಡಿ. ಒಂದೇ ಹೊಳೆ ಒಂದು ದಡದಲ್ಲಿ ಅಭಯಾರಣ್ಯ, ಇನ್ನೊಂದು ದಡದಲ್ಲಿ ಮೀಸಲು ಅರಣ್ಯ, ಎರಡು ಕಿಲೋಮೀಟರ್ ಕೆಳಗೆ ಕಂದಾಯ ಭೂಮಿ ಆಗಿರಬಹುದು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದ ಒಳಗೆ ಅಧ್ಯಯನಕ್ಕೆ ಹೋಗಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಕಲಂ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಅರ್ಜಿ ಹೋಗುವುದು ಮಲ್ಲೇಶ್ವರದ ಅರಣ್ಯ ಭವನಕ್ಕೆ. ಕಾಯ್ದೆಯ ಅನುಸೂಚಿಯಲ್ಲಿ, ಎಂದರೆ ರಕ್ಷಿತ ಜಾತಿಗಳ ಪಟ್ಟಿಯಲ್ಲಿ ಇರುವ ಜಾತಿಯಾದರೆ 12ನೇ ಕಲಂನ ಪ್ರತ್ಯೇಕ ಪರವಾನಗಿ ಬೇಕು, ಒಂದನೇ ಅನುಸೂಚಿಯದ್ದಾದರೆ ಕೇಂದ್ರ ಸರ್ಕಾರದ ಪೂರ್ವಾನುಮತಿಯೂ ಬೇಕು. ಆ ಕಾಯ್ದೆಯ ಕಣ್ಣಿನಲ್ಲಿ ಹಿಡಿಯುವುದೂ ಬೇಟೆಯೇ. ಅಳೆದು ವಾಪಸ್ ಬಿಡುತ್ತೇವೆ ಎಂದರೂ ಅದು ಬದಲಾಗುವುದಿಲ್ಲ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಾಗ ಅನುಸೂಚಿಗಳನ್ನೇ ಮರುಜೋಡಿಸಿದ್ದಾರೆ. ಹಳೆಯ ಪ್ರಬಂಧದಲ್ಲಿದ್ದ ಪಟ್ಟಿ ನೋಡಿ ಅರ್ಜಿ ಬರೆಯಬೇಡಿ, ಹೊಸ ಗೆಜೆಟ್ ಪ್ರತಿಯನ್ನೇ ತೆರೆದು ಒಂದೊಂದು ಹೆಸರನ್ನೂ ಹುಡುಕಿ.

ಅರ್ಜಿಯ ಜೊತೆ ಸಂಸ್ಥೆಯ ಮುಖ್ಯಸ್ಥರ ಶಿಫಾರಸು ಪತ್ರ, ಸಂಶೋಧನಾ ಪ್ರಸ್ತಾವ, ತಂಡದ ಪ್ರತಿಯೊಬ್ಬರ ಗುರುತಿನ ಚೀಟಿ, ಅಕ್ಷಾಂಶ ರೇಖಾಂಶ ಸಹಿತ ಜಾಗಗಳ ಪಟ್ಟಿ, ವಾಹನದ ಸಂಖ್ಯೆ ಕೊಡಬೇಕು. ಇಷ್ಟನ್ನು ಎಲ್ಲರೂ ಕೊಡುತ್ತಾರೆ. ಕಡತ ನಿಲ್ಲುವುದು ಬೇರೆ ಎರಡು ಪ್ರಶ್ನೆಗಳಲ್ಲಿ: ಯಾವ ಬಲೆ, ಎಷ್ಟು ಮೀನು? ಆದ್ದರಿಂದ ಬಲೆಯ ವಿಧ, ಕಣ್ಣಿನ ಅಳತೆ, ಒಂದು ಜಾಗದಲ್ಲಿ ಒಂದು ಜಾತಿಯ ಗರಿಷ್ಠ ಎಷ್ಟು ಮೀನು ಇಟ್ಟುಕೊಳ್ಳುತ್ತೀರಿ, ಉಳಿದವನ್ನು ಹೇಗೆ ಬಿಡುತ್ತೀರಿ, ಇವನ್ನು ಒಂದು ಪುಟದ ಕೋಷ್ಟಕವಾಗಿ ಮೊದಲೇ ಲಗತ್ತಿಸಿ. ಮೂರರಿಂದ ಐದು ಎಂದು ಬರೆದರೆ ಅದಕ್ಕೆ ಸಮರ್ಥನೆ ಕೊಡುವುದು ಸುಲಭ. ‘ಅಗತ್ಯವಿರುವಷ್ಟು’ ಎಂದು ಬರೆದ ಅರ್ಜಿ ಮುಂದೆ ಹೋಗುವುದಿಲ್ಲ, ಹೋಗಲೂಬಾರದು.

ಅನುಮತಿ ಪತ್ರ ಬಂತೆಂದರೆ ಕೆಲಸ ಶುರು ಎಂದುಕೊಂಡರೆ ಅಲ್ಲಿಯೇ ಇನ್ನೊಂದು ಕಾಯುವಿಕೆ ಇದೆ. ಬೆಂಗಳೂರಿನಿಂದ ಹೊರಟ ಪತ್ರ ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ) ಕಚೇರಿಗೆ ಬಂದು, ಅಲ್ಲಿಂದ ಎಸಿಎಫ್ (ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ), ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ) ದಾಟಿ ಗೇಟಿನ ಗಾರ್ಡ್‌ಗೆ ತಲುಪಬೇಕು. ನಮ್ಮ ಪತ್ರ ಒಂದು ಕಚೇರಿಯಲ್ಲಿ ಸುಮ್ಮನೆ ಮಲಗಿತ್ತು. ಅತ್ತ ಮಳೆ ನಿಂತು ನೀರು ತಿಳಿಯಾಗುತ್ತಿತ್ತು, ಇತ್ತ ನಾವು ಕಾರಿಡಾರಿನ ಬೆಂಚಿನ ಮೇಲೆ. ಆ ದಿನಗಳ ಚಡಪಡಿಕೆಯನ್ನು ಬರೆದು ತಿಳಿಸುವುದು ಕಷ್ಟ. ಪ್ರತಿಯೊಂದು ಹಂತಕ್ಕೂ ನೀವೇ ಪ್ರತಿ ಒಯ್ದು, ಸ್ವೀಕೃತಿ ಮೊಹರು ಹಾಕಿಸಿಕೊಂಡು ಬನ್ನಿ. ಮೂಲ ಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಯಾವಾಗಲೂ ಜೊತೆಗಿಡಿ. ಹೊಳೆಯ ದಡದಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ, ಫೋನಿನಲ್ಲಿರುವ ಪ್ರತಿಯನ್ನು ಗಾರ್ಡ್ ಒಪ್ಪಬೇಕೆಂದೂ ಇಲ್ಲ.

ಯಾರೂ ಮೊದಲೇ ಹೇಳದ ಅಡ್ಡಿ ಆಲ್ಕೋಹಾಲ್. ಮಾದರಿ ಕಾಪಾಡಲು, ಡಿಎನ್‌ಎ ಚೂರು ಇಡಲು ಎಥೆನಾಲ್ ಬೇಕೇ ಬೇಕು, ಅದು ಅಬಕಾರಿ ನಿಯಮಕ್ಕೆ ಒಳಪಟ್ಟ ವಸ್ತು. ಸಂಸ್ಥೆಗೆ ಪರವಾನಗಿ ಇದೆಯೇ, ಅದರ ವಾರ್ಷಿಕ ಮಿತಿಯಲ್ಲಿ ಎಷ್ಟು ಉಳಿದಿದೆ ಎಂಬುದನ್ನು ಅನುಮತಿ ಅರ್ಜಿ ಹಾಕುವ ದಿನವೇ ಉಗ್ರಾಣದಲ್ಲಿ ಕೇಳಿ. ಅಂಗಾಂಶವನ್ನು ವಿದೇಶಿ ಪ್ರಯೋಗಾಲಯಕ್ಕೆ ಕಳಿಸುವ ಆಲೋಚನೆ ಇದ್ದರೆ 2002ರ ಜೀವವೈವಿಧ್ಯ ಕಾಯ್ದೆಯಡಿ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ದಾರಿ ಹಿಡಿಯಬೇಕು. ದೇಶದೊಳಗೇ ಡಿಎನ್‌ಎ ಅನುಕ್ರಮ ಓದಿಸಿದರೆ ಆ ಕಾಯುವಿಕೆ ಇಲ್ಲ. ನನ್ನ ಸಲಹೆ ಎರಡನೆಯದೇ.

ಕಾಲದ ಲೆಕ್ಕ ತಪ್ಪಿದರೆ ಇಡೀ ವರ್ಷ ಹೋಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಳೆಗೆ ಇಳಿಯುವ ಮಾತೇ ಇಲ್ಲ. ಬಹುಪಾಲು ಮೀನುಗಳು ಪ್ರವಾಹದ ನೀರಿನಲ್ಲಿ ಮೇಲೇರಿ ಮೊಟ್ಟೆ ಇಡುವುದೂ ಆಗಲೇ. ಅಕ್ಟೋಬರಿನಲ್ಲಿ ನೀರು ಇಳಿಯುತ್ತದೆ, ಮರಿಗಳು ದಡದ ಹುಲ್ಲಿನಲ್ಲಿ ಸಿಗುತ್ತವೆ. ಡಿಸೆಂಬರ್‌ನಿಂದ ಮಾರ್ಚ್ ಅತ್ಯುತ್ತಮ. ಏಪ್ರಿಲ್, ಮೇ ತಿಂಗಳಲ್ಲಿ ಹೊಳೆ ಗುಂಡಿಗಳಾಗಿ ಒಡೆದಿರುತ್ತದೆ, ಒಂದೇ ಬೀಸಿಗೆ ರಾಶಿ ಮೀನು ಬರುತ್ತದೆ. ಅದನ್ನು ಕಂಡು ಹಿಗ್ಗಬೇಡಿ. ಇಡೀ ಹೊಳೆಯ ಮೀನು ಜೀವ ಉಳಿಸಿಕೊಳ್ಳಲು ಆ ಗುಂಡಿಗೆ ಬಂದು ಸೇರಿರುತ್ತದೆ. ಆಮ್ಲಜನಕ ಆಗಲೇ ಕಡಿಮೆ, ಬಲೆಯ ಗಲಾಟೆಗೆ ಅರ್ಧ ಸಾಯುತ್ತವೆ. ಆ ತಿಂಗಳಲ್ಲಿ ಈಜುಗನ್ನಡಕ ಹಾಕಿಕೊಂಡು ನೀರಿನೊಳಗೆ ನೋಡಿ ಎಣಿಸುವುದೇ ಸರಿ.

ಹಿಂದಿನ ದಿನವೇ ಮೇಲೆ ಎಲ್ಲಾದರೂ ಅಣೆಕಟ್ಟಿನಿಂದ ನೀರು ಬಿಡುತ್ತಾರೆಯೇ ವಿಚಾರಿಸಿ. ತೆಪ್ಪ ಹಾಕುತ್ತಿದ್ದ ಹಿರಿಯರೊಬ್ಬರು “ನೀರು ಸ್ವಲ್ಪ ಕೆಂಪಾದ್ರೂ ಮೇಲೆ ಬಂದ್ಬಿಡಿ ಸಾರ್, ಯಾಕೆ ಏನು ಅಂತ ನೋಡ್ತಾ ನಿಲ್ಬೇಡಿ” ಎಂದಿದ್ದರು. ಅದನ್ನು ತಂಡದ ನಿಯಮವನ್ನೇ ಮಾಡಿಕೊಂಡೆವು. ಸಂಜೆ ನಾಲ್ಕಕ್ಕೆ ಸಾಮಾನು ಕಟ್ಟಿ ಹೊರಡಬೇಕು, ಆಮೇಲೆ ನೀರಿಗೆ ಬರುವ ಸರದಿ ಆನೆಯದ್ದು. ಕಾಡಿನ ದಾರಿಯಲ್ಲಿ ವಾಚರ್ ಮುಂದೆ, ಉಳಿದವರು ಹಿಂದೆ.

ದಡ ತಲುಪಿದ ಕೂಡಲೇ ಬಲೆ ಬಿಚ್ಚಬೇಡಿ. ಬಲೆ ಬಿದ್ದರೆ ತಳದ ಕೆಸರೇಳುತ್ತದೆ, ನೀರಿನ ಅಳತೆಗಳೆಲ್ಲ ಕೆಡುತ್ತವೆ. ಮೊದಲು ಹರಿವಿಗೆ ಎದುರಾಗಿ ನಿಂತು ತಾಪಮಾನ, ಕರಗಿದ ಆಮ್ಲಜನಕ, ಪಿಎಚ್, ವಿದ್ಯುತ್ ವಾಹಕತೆ ಬರೆದುಕೊಳ್ಳಿ. ಆಮ್ಲಜನಕದ ಮೀಟರನ್ನು ಆ ಎತ್ತರಕ್ಕೆ ಹೊಂದಿಸುವುದು ಮರೆತುಹೋಗುವ ಕೆಲಸ: 25 ಡಿಗ್ರಿ ನೀರಿನಲ್ಲಿ ಸಮುದ್ರ ಮಟ್ಟದಲ್ಲಿ ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಕರಗಿದರೆ, 900 ಮೀಟರ್ ಎತ್ತರದಲ್ಲಿ ಕರಗುವುದು ಸುಮಾರು 7.4. ಹೊಂದಿಸದಿದ್ದರೆ ಚೊಕ್ಕಟವಾದ ಹೊಳೆಯೂ ಕಾಗದದ ಮೇಲೆ ಕಾಯಿಲೆ ಬಿದ್ದಂತೆ ಕಾಣುತ್ತದೆ. ಹರಿವಿನ ಮಾಪಕ ಇಲ್ಲದಿದ್ದರೆ ಹತ್ತು ಮೀಟರ್ ಅಳೆದು, ಅರ್ಧ ಮುಳುಗಿ ತೇಲುವ ಹಣ್ಣೊಂದನ್ನು ಬಿಟ್ಟು ಸಮಯ ನೋಡಿ. ಬಂದ ವೇಗವನ್ನು 0.85ರಿಂದ ಗುಣಿಸಿದರೆ ಸರಾಸರಿ ವೇಗಕ್ಕೆ ಹತ್ತಿರವಾಗುತ್ತದೆ.

ಒಂದು ಜಾಗವೆಂದರೆ ನಮಗೆ ನೂರು ಮೀಟರ್ ಉದ್ದದ ಹೊಳೆ, ಅದರೊಳಗೆ ಗುಂಡಿಯೂ ಇರಬೇಕು, ಕಲ್ಲಿನ ಮೇಲೆ ನೊರೆಯೇಳುವ ಝರಿಯೂ ಇರಬೇಕು, ಸಮನಾಗಿ ಹರಿಯುವ ತುಂಡೂ ಇರಬೇಕು. ಗುಂಡಿಗೆ ಬೀಸುಬಲೆ, ದಡದ ಹುಲ್ಲಿಗೆ ಕೈಬಲೆ. ಝರಿಯಲ್ಲಿ ಕೆಳಗಡೆ ಒಬ್ಬರು ಸಣ್ಣ ಕಣ್ಣಿನ ಬಲೆ ಹಿಡಿದು ನಿಂತು, ಮೇಲಿನಿಂದ ಇನ್ನೊಬ್ಬರು ಕಾಲಿನಿಂದ ಕಲ್ಲು ಕದಡುತ್ತಾ ಬರಬೇಕು. ಕಲ್ಲಿಗೆ ಅಂಟಿಕೊಳ್ಳುವ ಗರ್ರಾ ಮೀನುಗಳು ಬೇರೆ ಯಾವ ರೀತಿಯಲ್ಲೂ ಸುಲಭವಾಗಿ ಸಿಗುವುದಿಲ್ಲ. ಎಬ್ಬಿಸಿದ ಕಲ್ಲನ್ನು ಇದ್ದ ಹಾಗೆಯೇ ಮಗುಚಿ ಇಡಿ.

ಬಲೆ ಕೊಳ್ಳುವಾಗ ಕಣ್ಣಿನ ಅಳತೆಯಲ್ಲಿ ಗೊಂದಲ ಖಂಡಿತ. ಗಂಟಿನಿಂದ ಪಕ್ಕದ ಗಂಟಿಗೆ 20 ಮಿ.ಮೀ. ಇರುವ ಬಲೆಯನ್ನೇ, ಎಳೆದು ಅಳೆದರೆ 40 ಮಿ.ಮೀ. ಎನ್ನುತ್ತಾರೆ. ಅಂಗಡಿಯವರು ಒಂದು ಅಳತೆ ಹೇಳಿ, ನಿಮ್ಮ ಅರ್ಜಿಯಲ್ಲಿ ಇನ್ನೊಂದು ಇದ್ದರೆ ತಪಾಸಣೆಯಲ್ಲಿ ಬಲೆಯೇ ಅಕ್ರಮವಾಗಿಬಿಡುತ್ತದೆ. ಎರಡನ್ನೂ ಬರೆದುಬಿಡಿ. ಮೀನಿನ ಕಿವಿರು ಕಣ್ಣಿಗೆ ಸಿಕ್ಕಿಕೊಳ್ಳುವ ಕಿವಿರು ಬಲೆ ಹಾಕಿದರೆ ಅರ್ಧ ಗಂಟೆಗೊಮ್ಮೆ ಎತ್ತಿ ನೋಡಬೇಕು. ರಾತ್ರಿಯಿಡೀ ಬಿಟ್ಟು ಬಂದರೆ ಆಮೆ ಸಿಕ್ಕಿ ಉಸಿರುಗಟ್ಟಿ ಸಾಯುತ್ತದೆ, ನೀರುನಾಯಿ ಮೀನನ್ನೂ ಬಲೆಯನ್ನೂ ಹರಿದಿಡುತ್ತದೆ. ಸಂರಕ್ಷಣೆಯ ಹೆಸರಿನಲ್ಲಿ ಹೋಗಿ ಒಂದು ಆಮೆ ಕೊಂದು ಬರುವುದಕ್ಕೆ ಯಾವ ದತ್ತಾಂಶವೂ ಸಮನಲ್ಲ.

ಎಷ್ಟು ಮೀನಿದೆ ಎಂಬ ಅಂದಾಜು ಬೇಕಿದ್ದರೆ ನೂರು ಮೀಟರಿನ ಮೇಲೂ ಕೆಳಗೂ 5 ಮಿ.ಮೀ. ಬಲೆ ಅಡ್ಡ ಕಟ್ಟಿ, ಪ್ರತಿ ಸಲವೂ ಅಷ್ಟೇ ಶ್ರಮ ಹಾಕಿ ಮೂರು ಸಲ ಹಿಡಿಯಬೇಕು. ಉದಾಹರಣೆಗೆ ಮೊದಲ ಸಲ 60, ಎರಡನೆಯದರಲ್ಲಿ 30, ಮೂರನೆಯದರಲ್ಲಿ 15 ಸಿಕ್ಕರೆ ಪ್ರತಿ ಸಲವೂ ಉಳಿದವುಗಳಲ್ಲಿ ಅರ್ಧ ಸಿಗುತ್ತಿದೆ ಎಂದರ್ಥ, ಒಟ್ಟು ಸುಮಾರು 120. ಎರಡನೆಯ ಸಲ ಮೊದಲಿಗಿಂತ ಹೆಚ್ಚು ಸಿಕ್ಕರೆ ಲೆಕ್ಕ ಹಾಕಲು ಹೋಗಬೇಡಿ. ಎಲ್ಲೋ ಅಡ್ಡಬಲೆಯ ತಳ ಎದ್ದಿರುತ್ತದೆ, ಹೋಗಿ ಕಲ್ಲು ಹೇರಿ ಬನ್ನಿ.

ವಿದ್ಯುತ್ ಬಳಸಿ ಮೀನು ಹಿಡಿಯುವ ಬೆನ್ನುಚೀಲದ ಉಪಕರಣದ ಬಗ್ಗೆ ತುಂಬ ಜನ ಕೇಳುತ್ತಾರೆ. ಅನುಮತಿಯಲ್ಲಿ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ. ಘಟ್ಟದ ನೀರಿನಲ್ಲಿ ಲವಣ ಕಡಿಮೆ, ವಾಹಕತೆಯೂ ಕಡಿಮೆ, ಆದ್ದರಿಂದ ವೋಲ್ಟೇಜ್ ಏರಿಸಬೇಕಾಗುತ್ತದೆ. ಮಿಡಿತದ ಆವರ್ತನ ಹೆಚ್ಚಿಟ್ಟರೆ ದೊಡ್ಡ ಮೀನಿನ ಬೆನ್ನುಮೂಳೆಗೆ ಏಟು ಬೀಳುತ್ತದೆ, 30 ಹರ್ಟ್ಸ್ ಆಸುಪಾಸಿನಲ್ಲಿಡಬೇಕು. ಮನೆಯ ಇನ್ವರ್ಟರ್ ತಂದು ಮೀನು ಹೊಡೆಯುವ ಚಾಳಿ ಇರುವ ಊರುಗಳಲ್ಲಿ ನಾನಂತೂ ಇದನ್ನು ಬಳಸಬೇಡಿ ಎನ್ನುತ್ತೇನೆ. ಸರ್ಕಾರದ ಚೀಟಿ ಹಿಡಿದವರೇ ಕರೆಂಟು ಹಾಕುತ್ತಾರೆ ಎಂಬ ಮಾತು ಹಬ್ಬಿದರೆ ಆ ಹೊಳೆಗೆ ಆಗುವ ನಷ್ಟ ದೊಡ್ಡದು. ಸಿಡಿಮದ್ದು, ವಿಷ ಹಾಕುವುದನ್ನು 1897ರ ಮೀನುಗಾರಿಕಾ ಕಾಯ್ದೆಯಲ್ಲೇ ನಿಷೇಧಿಸಿದ್ದಾರೆ; ಆದರೂ ವಿಷ ಬಿದ್ದ ಗುಂಡಿ ಇಂದಿಗೂ ಕಣ್ಣಿಗೆ ಬೀಳುತ್ತದೆ. ಬೆರಳುದ್ದದ ಮರಿಗಳು ಹೊಟ್ಟೆ ಮೇಲಾಗಿ ದಡಕ್ಕೆ ಬಂದು ಸೇರಿದ್ದನ್ನು ನೋಡಿದ ದಿನ ತಂಡದಲ್ಲಿ ಯಾರಿಗೂ ಊಟ ಸೇರಲಿಲ್ಲ. ಅಂಥದ್ದು ಕಂಡರೆ ಫೋಟೊ ತೆಗೆದು, ನೀರಿನ ಮಾದರಿ ತುಂಬಿ, ಅಂದೇ ಆರ್‌ಎಫ್‌ಒಗೆ ಬರೆದು ಕೊಡಿ.

ಮೀನು ಬಲೆಗೆ ಬಂದ ಮೇಲಿನ ಮೊದಲ ಹತ್ತು ನಿಮಿಷವೇ ಇಡೀ ಸಮೀಕ್ಷೆಯ ಬೆಲೆ ನಿರ್ಧರಿಸುತ್ತದೆ. ನೆರಳಿನಲ್ಲಿ ಬಕೆಟ್, ಅದೇ ಹೊಳೆಯ ನೀರು, ಬ್ಯಾಟರಿ ಏರೇಟರ್. ಮುಳ್ಳಿರುವ ಗಿರ್ಲು, ಚೇಳು ಮೀನಿಗೆ ಬೇರೆ ಬಕೆಟ್. ಕೈ ಒದ್ದೆ ಮಾಡಿಕೊಳ್ಳದೆ ಮೀನು ಮುಟ್ಟಬಾರದು, ಒಣ ಕೈಗೆ ಅದರ ಲೋಳೆ ಬಂದುಬಿಡುತ್ತದೆ. ಮಂಪರಿಗೆ ಲವಂಗದೆಣ್ಣೆ ಸಾಕು, ಆದರೆ ಅದು ನೀರಿನಲ್ಲಿ ಬೆರೆಯುವುದಿಲ್ಲ. ಒಂದು ಭಾಗ ಎಣ್ಣೆಗೆ ಒಂಬತ್ತು ಭಾಗ ಎಥೆನಾಲ್ ಸೇರಿಸಿಟ್ಟುಕೊಂಡು, ಹತ್ತು ಲೀಟರ್ ನೀರಿಗೆ ಆ ಮಿಶ್ರಣದ 5 ಮಿ.ಲೀ. ಹಾಕಿ ಚೆನ್ನಾಗಿ ಕಲಕಿ. ಕೆಲವು ನಿಮಿಷದಲ್ಲಿ ಮೀನು ಪಕ್ಕಕ್ಕೆ ವಾಲುತ್ತದೆ. ಆಗಲೇ ಎತ್ತಿ ಅಳೆದು ಶುದ್ಧ ನೀರಿಗೆ ಬಿಡಿ. ಕಿವಿರಿನ ಮುಚ್ಚಳ ಆಡುವುದು ನಿಂತರೆ ತಡವಾಯಿತು. ದೊಡ್ಡ ಬಿಳಿಮೀನು, ಎಂದರೆ ಮಹಶೀರ್, ಸಿಕ್ಕರೆ ದವಡೆ ಹಿಡಿದು ಎತ್ತಲೇಬೇಡಿ, ನೀರಿನೊಳಗೇ ಬಟ್ಟೆಯ ತೊಟ್ಟಿಲಲ್ಲಿ ಮಲಗಿಸಿ ಅಳೆದು ಬಿಡಬೇಕು.

ಇಟ್ಟುಕೊಳ್ಳುವ ಮಾದರಿಯ ಕ್ರಮ ತಪ್ಪಬಾರದು: ಮೊದಲು ಫೋಟೊ, ಆಮೇಲೆ ಅಂಗಾಂಶ, ಕೊನೆಗೆ ಮೀನು ಕೊಳೆಯದಂತೆ ಇಡುವ ಫಾರ್ಮಲಿನ್ ದ್ರಾವಣ. ಗಾಜಿನ ಸಣ್ಣ ತೊಟ್ಟಿಯಲ್ಲಿ ಎಡಮಗ್ಗುಲು ಕಾಣುವಂತೆ ಜೀವಂತ ಮೀನಿನ ಫೋಟೊ ತೆಗೆಯಿರಿ, ಪಕ್ಕದಲ್ಲಿ ಅಳತೆಪಟ್ಟಿ. ಬಾಲದ ರೆಕ್ಕೆಯ ಅಂಚಿನ ಕಿತ್ತಳೆ, ಮೈಮೇಲಿನ ಹಸಿರು ಹೊಳಪು ಸತ್ತ ಕೆಲವೇ ನಿಮಿಷದಲ್ಲಿ ಬೂದಿಯಾಗುತ್ತದೆ, ಜಾಡಿಯಲ್ಲಿ ಏನೂ ಉಳಿಯುವುದಿಲ್ಲ. ನಂತರ ಬಲಗಡೆಯ ಎದೆರೆಕ್ಕೆಯ ಚೂರು ಕತ್ತರಿಸಿ 95 ಶೇಕಡಾ ಎಥೆನಾಲ್ ಇರುವ ಸೀಸೆಗೆ. ಫಾರ್ಮಲಿನ್ ಸೋಕಿದ ಮೇಲೆ ಡಿಎನ್‌ಎ ಕೆಡುತ್ತದೆ. ಅಂಗಡಿಯಲ್ಲಿ ಸಿಗುವ ಫಾರ್ಮಲಿನ್ ಒಂದು ಭಾಗಕ್ಕೆ ಒಂಬತ್ತು ಭಾಗ ನೀರು ಸೇರಿಸಿ. ಹತ್ತು ಸೆಂಟಿಮೀಟರಿಗಿಂತ ಉದ್ದದ ಮೀನಾದರೆ ಬಲಮಗ್ಗುಲಿನಲ್ಲೇ ಹೊಟ್ಟೆ ಸೀಳಿ, ಇಲ್ಲದಿದ್ದರೆ ಒಳಗೆ ಕೊಳೆಯುತ್ತದೆ. ಎಡಮಗ್ಗುಲು ಚಿತ್ರಕ್ಕೂ ಹುರುಪೆ ಎಣಿಕೆಗೂ ಹಾಗೇ ಇರಬೇಕು. ಜಾಡಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮೀನು ತುರುಕಬೇಡಿ, ತಲೆ ಕೆಳಗಿರಲಿ, ಬಾಲ ಮೇಲಿರಲಿ. ವಾರ ಕಳೆದ ಮೇಲೆ ನೀರು ಬದಲಿಸುತ್ತಾ ಎರಡು ಮೂರು ದಿನ ತೊಳೆದು, 50 ಶೇಕಡಾ ಆಲ್ಕೋಹಾಲ್ ದಾಟಿಸಿ 70ರಲ್ಲಿ ನಿಲ್ಲಿಸಿ. ಬಳಸಿದ ಫಾರ್ಮಲಿನ್ ಒಂದು ಹನಿಯೂ ಹೊಳೆಗೆ ಹೋಗಬಾರದು, ಡಬ್ಬದಲ್ಲಿ ತುಂಬಿ ವಾಪಸ್ ತನ್ನಿ.

ಚೀಟಿಯನ್ನು ದಪ್ಪ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದು ಜಾಡಿಯ ಒಳಗೆ ಹಾಕಿ. ಬಾಲ್‌ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿ ಹೋಗುತ್ತದೆ, ಹೊರಗೆ ಅಂಟಿಸಿದ್ದು ಉದುರುತ್ತದೆ. ಹೊಳೆಯ ಹೆಸರು, ಅಕ್ಷಾಂಶ ರೇಖಾಂಶ, ಎತ್ತರ, ದಿನಾಂಕ, ಬಲೆ, ಹಿಡಿದವರ ಹೆಸರು, ಅಂಗಾಂಶ ಸೀಸೆಯ ಸಂಖ್ಯೆ. ಇದು ಎಷ್ಟು ದೊಡ್ಡ ವಿಷಯವೆಂಬುದಕ್ಕೆ ಕಾವೇರಿಯೇ ಸಾಕ್ಷಿ. ಸತ್ತ ಪ್ರಾಣಿಗಳ ಚರ್ಮ ತುಂಬಿಡುವ ಕಸುಬಿಗೆ ಹೆಸರಾದ ಮೈಸೂರಿನ ಮನೆತನದ ವಾನ್ ಇಂಗೆನ್ 1946ರಲ್ಲಿ ಗಾಳದಲ್ಲಿ ಹಿಡಿದ ಮಹಶೀರ್ 120 ಪೌಂಡ್, ಎಂದರೆ ಸುಮಾರು 54 ಕಿಲೋ ತೂಗಿತ್ತು. ಅಷ್ಟು ದೊಡ್ಡ, ಅಷ್ಟು ಹೆಸರಾದ ಡುಬ್ಬದ ಮಹಶೀರ್‌ಗೆ ಯಾವ ವೈಜ್ಞಾನಿಕ ಹೆಸರು ಎಂಬುದು ಇತ್ಯರ್ಥವಾದದ್ದು 2018ರಲ್ಲಿ. ಕಾವೇರಿ ಕಣಿವೆಯ ಮೋಯಾರ್ ನದಿಯ ಮೀನುಗಳ ದೇಹಲಕ್ಷಣ, ಡಿಎನ್‌ಎ ಎರಡನ್ನೂ ಹೋಲಿಸಿ ಅದು ಟಾರ್ ರೆಮಾದೇವಿ ಎಂದು ತೋರಿಸಿದರು; ಕೇರಳದ ಪಾಂಬಾರ್‌ನ ಮರಿಮೀನುಗಳನ್ನು ನೋಡಿ 2007ರಲ್ಲೇ ಕೊಟ್ಟಿದ್ದ ಹೆಸರು ಅದು. ಆ ಹೊತ್ತಿಗೆ ಮೀನು ತೀವ್ರ ಅಳಿವಿನಂಚಿಗೆ ಬಂದಿತ್ತು. ಲೋನಾವಳದಲ್ಲಿ ಮರಿ ಮಾಡಿದ ನೀಲಿ ರೆಕ್ಕೆಯ ಮಹಶೀರನ್ನು ಅಷ್ಟರಲ್ಲಿ ಕಾವೇರಿಗೂ ತಂದು ಬಿಟ್ಟಿದ್ದರು. ಹೆಸರಿಲ್ಲದ ಮೀನಿಗೆ ರಕ್ಷಣೆ ಕೇಳುವುದು ಹೇಗೆ? ಆದ್ದರಿಂದ ಮಹಶೀರ್ ಕಂಡಾಗಲೆಲ್ಲ ಬರೀ ‘ಮಹಶೀರ್’ ಎಂದು ಬರೆದು ಮುಂದೆ ಹೋಗಬೇಡಿ. ಬಿಡುವ ಮೀನಾದರೂ ಅನುಮತಿ ಇದ್ದರೆ ಒಂದು ಹುರುಪೆ ಅಥವಾ ರೆಕ್ಕೆಯ ಚೂರು, ಜೊತೆಗೆ ಎಡಮಗ್ಗುಲ ಫೋಟೊ ಇರಲಿ.

ಶೃಂಗೇರಿ, ಶಿಶಿಲ, ರಾಮನಾಥಪುರದಂಥ ದೇವರ ಮೀನಿನ ಗುಂಡಿಗಳಲ್ಲಿ ಬಲೆ ಹಾಕುವ ಯೋಚನೆಯೇ ಬೇಡ. ಅಲ್ಲಿ ದಡದಿಂದ ಎಣಿಸಿ, ಫೋಟೊ ತೆಗೆದು ಬನ್ನಿ.

ಒಂದು ಹೊಳೆಯಿಂದ ಇನ್ನೊಂದಕ್ಕೆ ಹೋಗುವ ಮೊದಲು ಬಲೆ, ಬೂಟು, ಬಕೆಟ್ ತೊಳೆದು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ. ಮೈಮೇಲೆ ಹುಣ್ಣೇಳಿಸುವ ಶಿಲೀಂಧ್ರರೂಪಿ ರೋಗ ಒದ್ದೆ ಬಲೆಯಲ್ಲೇ ಪ್ರಯಾಣ ಮಾಡಬಲ್ಲದು. ಒಂದು ದಿನ ಹೋದರೂ ಚಿಂತೆಯಿಲ್ಲ.

ಕೊನೆಯ ದೀರ್ಘ ಕಾಯುವಿಕೆ ಮಾದರಿ ಠೇವಣಿಯದ್ದು. ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಪಶ್ಚಿಮ ಘಟ್ಟ ಕೇಂದ್ರ ಕೋಳಿಕ್ಕೋಡಿನಲ್ಲಿದೆ, ದಕ್ಷಿಣ ಕೇಂದ್ರ ಚೆನ್ನೈಯಲ್ಲಿ. ಹೊಸ ಜಾತಿಯಾದರೆ ಜೀವವೈವಿಧ್ಯ ಕಾಯ್ದೆಯಡಿ ಗೊತ್ತುಪಡಿಸಿದ ಭಂಡಾರಕ್ಕೆ ಮಾದರಿ ಕೊಡುವುದು ಕಡ್ಡಾಯ. ಸಂಗ್ರಹ ಅನುಮತಿಯ ಪ್ರತಿ ಇಲ್ಲದೆ ಜಾಡಿ ಒಪ್ಪಿಸಲು ಹೋಗಬೇಡಿ. ದ್ರವ ತುಂಬಿದ ಜಾಡಿಯನ್ನು ಕೊರಿಯರ್‌ಗೆ ಕೊಡಲಾಗದು. ಸ್ವಂತ ವಾಹನದಲ್ಲಿ ಒಯ್ಯಿರಿ. ಗುರುತಿಸುವಿಕೆ ಪರಿಶೀಲನೆಯಾಗಿ ನೋಂದಣಿ ಸಂಖ್ಯೆ ಬರಲು ತಿಂಗಳುಗಳೇ ಹಿಡಿಯುತ್ತವೆ, ಪತ್ರಿಕೆಗಳು ಆ ಸಂಖ್ಯೆಯಿಲ್ಲದೆ ಲೇಖನ ಮುಂದಕ್ಕೆ ಒಯ್ಯುವುದಿಲ್ಲ. ಪಿಎಚ್‌ಡಿ ಗಡುವು ಹತ್ತಿರವಿದ್ದವರು ಎಲ್ಲ ಜಾಡಿ ಸೇರಲಿ ಎಂದು ಕಾಯದೆ ಕಂತು ಕಂತಾಗಿ ಕೊಡಿ.

ವರದಿ ಬರೆಯುವಾಗ ಇಲಾಖೆಗೆ ಕೊಡುವ ಪ್ರತಿಯಲ್ಲಿ ನಿಖರವಾದ ಅಕ್ಷಾಂಶ ರೇಖಾಂಶ ಇರಲಿ, ಪ್ರಕಟಿಸುವ ಪ್ರತಿಯಲ್ಲಿ ಬೇಡ. ಅಕ್ವೇರಿಯಂ ವ್ಯಾಪಾರಕ್ಕೆ ಬೇಕಾದ ಮೀನಿನ ಗುಂಡಿ ಯಾವುದೆಂದು ನಾವೇ ತೋರಿಸಿಕೊಟ್ಟಂತಾಗುತ್ತದೆ. ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಫೋಟೊ ಸಹಿತ ಕನ್ನಡದ ಪಟ್ಟಿ ಕೊಡಿ, ಊರಿನವರು ಹೇಳಿದ ಹೆಸರುಗಳೂ ಅದರಲ್ಲಿರಲಿ. ಮುಂದಿನ ವರ್ಷವೂ ಅದೇ ಹೊಳೆಗೆ ಹೋಗುವುದಿದ್ದರೆ ನವೀಕರಣದ ಅರ್ಜಿಯನ್ನು ಮಳೆಗಾಲ ಶುರುವಾಗುವ ಮೊದಲೇ, ಈ ವರ್ಷದ ವರದಿಯ ಸ್ವೀಕೃತಿ ಪ್ರತಿಯನ್ನು ಜೊತೆಗಿಟ್ಟು ಸಲ್ಲಿಸಿ. ಆ ಪ್ರತಿ ಇಲ್ಲದಿದ್ದರೆ ಕಡತ ಮೊದಲ ಮೇಜಿನಲ್ಲೇ ನಿಲ್ಲುತ್ತದೆ.